ಮುದ್ದೆ, ಬಸ್ಸಾರು, ತಿಂಗಳ ಕೊನೆ: ಕಡಿಮೆ ಖರ್ಚಿನ ರಾತ್ರಿ ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಮದ್ದೂರು ಕಡೆ. ಈಗ ಬೆಂಗಳೂರಿನಲ್ಲಿ ಬಾಡಿಗೆ ಮನೆ. ಅವ್ವ, ಹೆಂಡತಿ, ಇಬ್ಬರು ಮಕ್ಕಳು, ನಾನು, ಒಟ್ಟು ಐದು ಜನ. ಹೆಂಡತಿ ಕೆಲಸ ಮುಗಿಸಿ ಮನೆ ಸೇರುವಾಗ ಎಂಟೂವರೆ ಆಗುತ್ತದೆ, ಹಾಗಾಗಿ ರಾತ್ರಿ ಅಡುಗೆ ಏಳು ವರ್ಷದಿಂದ ನನ್ನದೇ. ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಮುಚ್ಚಳ ತೆಗೆದರೆ ಸಾಕು, ಅದು ಹೇಗೆ ಮಾಡಿದಿರಿ, ಎಷ್ಟು ಖರ್ಚಾಯಿತು, ಮುದ್ದೆ ನೀವೇ ಕಟ್ಟಿದ್ದಾ ಅಂತ ಶುರು. ಪಕ್ಕದ ಮನೆಯವರದ್ದೂ ಅವೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ನೋಯುತ್ತಿದೆ, ಅದಕ್ಕೆ ಬರೆದಿಟ್ಟಿದ್ದೇನೆ. ಇಲ್ಲಿ ಕೊಟ್ಟಿರುವ ಬೆಲೆಗಳು ನಾನು ಬರೆಯುವ ಹೊತ್ತಿಗೆ ನಮ್ಮ ಬೀದಿ ಅಂಗಡಿಯವು. ನಿಮ್ಮಲ್ಲಿ ಸ್ವಲ್ಪ ಆಚೀಚೆ ಇರಬಹುದು.

ಐದು ಜನಕ್ಕೆ ನೂರು ರೂಪಾಯಿಯಲ್ಲಿ ಊಟ ಆಗುತ್ತದೆ ಅಂತೀರಲ್ಲ, ನಿಜಾನಾ?

ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ. ಮೊನ್ನೆಯ ಲೆಕ್ಕ ಕೇಳಿ. ರಾಗಿ ಹಿಟ್ಟು 600 ಗ್ರಾಂ, ಕೆಜಿಗೆ 55ರಂತೆ 33 ರೂಪಾಯಿ. ಹುರುಳಿಕಾಳು ಕಾಲು ಕೆಜಿ, 23. ಕಾಲು ಹೋಳು ಲೆಕ್ಕದಲ್ಲಿ ತೆಂಗಿನಕಾಯಿ 12. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಹುಣಸೆ ಎಲ್ಲ ಸೇರಿ 15. ಒಗ್ಗರಣೆ ಎಣ್ಣೆ 5. ಒಟ್ಟು 88. ಅದೇ ದಿನ ಎರಡು ಕಟ್ಟು ಸೊಪ್ಪೂ ತಂದಿದ್ದೆ, ಅದಕ್ಕೆ 20. ಅಲ್ಲಿಗೆ 108 ಆಯಿತು, ನೂರು ದಾಟಿತು. ಗ್ಯಾಸ್ ಲೆಕ್ಕ ಹಾಕಿಲ್ಲ. ಮಜ್ಜಿಗೆಗೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು, ಅದನ್ನೂ ಸೇರಿಸಿಲ್ಲ.

ಆದರೆ ಈ ದುಡ್ಡಿಗೆ ಬಂದದ್ದೇನು ನೋಡಿ. ಮುದ್ದೆ, ಸಾರು, ಪಲ್ಯ. ಸಾರಿನಲ್ಲಿ ಕಾಲು ಭಾಗ ಮಾರನೇ ದಿನಕ್ಕೂ ಉಳಿಯಿತು. ಒಂದು ಪಾತ್ರೆಯಲ್ಲಿ ಬೇಯಿಸಿದ್ದರಿಂದ ಎರಡು ಅಡುಗೆ ಹೊರಟಿತು. ನನಗೆ ಗೊತ್ತಿರುವ ಉಳಿತಾಯದ ಗುಟ್ಟು ಹೆಚ್ಚೂಕಮ್ಮಿ ಇದೊಂದೇ.

ಬಸ್ಸಾರು ಅಂದರೆ ಏನು? ಮಾಮೂಲಿ ಸಾರಿಗಿಂತ ಅದು ಹೇಗೆ ಅಗ್ಗ?

ಬಸಿದ ಸಾರು, ಅದಕ್ಕೇ ಬಸ್ಸಾರು. ಕಾಳನ್ನೋ ಬೇಳೆಯನ್ನೋ ಸೊಪ್ಪಿನ ಜೊತೆ ಜಾಸ್ತಿ ನೀರಿನಲ್ಲಿ ಬೇಯಿಸಿ ಬಸಿಯುತ್ತೇವೆ. ಕೆಳಗೆ ಇಳಿದ ನೀರಿಗೆ ಕಟ್ಟು ಅಂತ ಹೆಸರು. ಕಟ್ಟು ಸಾರಾಗುತ್ತದೆ, ಜರಡಿಯಲ್ಲಿ ಉಳಿದದ್ದು ಪಲ್ಯವಾಗುತ್ತದೆ.

ನಾನು ಮಾಡುವ ರೀತಿ ಹೀಗೆ. ಹುರುಳಿ ಅಥವಾ ಹೆಸರುಕಾಳು ಕಾಲು ಕೆಜಿ ತೊಳೆದು ಬೆಳಿಗ್ಗೆಯೇ ನೆನೆಹಾಕಿ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಒಂದೂವರೆ ಲೀಟರ್ ನೀರಿಗೆ ಹಾಕಿ ಕುಕ್ಕರಿನಲ್ಲಿ ಬೇಯಿಸುತ್ತೇನೆ. ಹೆಸರುಕಾಳಿಗೆ ಒಂದು ವಿಷಲ್ ಸಾಕು, ಹುರುಳಿಗೆ ಐದಾರು ಬೇಕು. ಕಾಳು ಕೈಯಲ್ಲಿ ಹಿಸುಕಿದರೆ ನುರಿಯಬೇಕು, ಆದರೆ ಕರಗಿ ಹೋಗಿರಬಾರದು. ಆಮೇಲೆ ಹೆಚ್ಚಿದ ಸೊಪ್ಪು, ಉಪ್ಪು ಹಾಕಿ ಮುಚ್ಚಳ ಮುಚ್ಚದೆ ಐದು ನಿಮಿಷ ಕುದಿಸಿ ಬಸಿಯುತ್ತೇನೆ. ಸೊಪ್ಪನ್ನು ಮೊದಲೇ ಹಾಕಿದರೆ ಅದು ಕಪ್ಪಗಾಗಿ ಕಾಳಿನಲ್ಲಿ ಕಳೆದುಹೋಗುತ್ತದೆ.

ಅತ್ತ ಬಾಣಲೆಯಲ್ಲಿ ಒಂದು ದೊಡ್ಡ ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಏಳೆಂಟು ಮೆಣಸು ಹುರಿದು, ಎರಡು ಚಮಚ ಸಾರಿನ ಪುಡಿ, ಸ್ವಲ್ಪ ಕಾಯಿ, ಗೋಲಿ ಗಾತ್ರದ ಹುಣಸೆಹಣ್ಣು ಸೇರಿಸಿ ರುಬ್ಬಬೇಕು. ರುಬ್ಬುವಾಗ ಬೆಂದ ಕಾಳು ಸೊಪ್ಪು ಒಂದು ಹಿಡಿ ಹಾಕಿ. ಸಾರಿಗೆ ಮಂದ ಬರುವುದು ಅದರಿಂದಲೇ, ಕಾಯಿಯಿಂದಲ್ಲ. ಈ ಮಸಾಲೆಯನ್ನು ಕಟ್ಟಿಗೆ ಹಾಕಿ ಚೆನ್ನಾಗಿ ಕುದಿಸಿ. ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಡಿ. ಮುಗಿಯಿತು.

ಒಂದು ಮಾತು ಹೇಳಿಬಿಡುತ್ತೇನೆ, ನಗಬೇಡಿ. ಮೊದಲ ಸಲ ಬಸ್ಸಾರು ಮಾಡಲು ಹೋದಾಗ ನಾನು ಜರಡಿಯನ್ನು ಸಿಂಕಿನಲ್ಲಿ ಇಟ್ಟು ಬಸಿದೆ. ಅಕ್ಕಿ ತೊಳೆದ ನೀರು ಚೆಲ್ಲಿದ ಹಾಗೆ ಕಟ್ಟೆಲ್ಲ ಹೋಯಿತು. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೈಯಲೂ ಇಲ್ಲ. "ಸಾರು ಹೋಯ್ತು, ಇನ್ನು ಪಲ್ಯ ತಿನ್ನಪ್ಪ" ಅಂದು ಹೊರಗೆ ಹೋದಳು. ಅವತ್ತಿನಿಂದ ಏನು ಬೇಯಿಸಿದರೂ ನೀರು ಚೆಲ್ಲುವ ಮುಂಚೆ ಒಂದು ಕ್ಷಣ ನಿಲ್ಲುತ್ತೇನೆ.

ಉಪ್ಸಾರು ಬೇರೆ, ಬಸ್ಸಾರು ಬೇರೆನಾ?

ಬೇರೆ. ಉಪ್ಸಾರಿಗೆ ಮಸಾಲೆ ರುಬ್ಬಿ ಹಾಕುವುದಿಲ್ಲ. ಕಟ್ಟಿಗೆ ಉಪ್ಪೊಂದೇ. ಪಕ್ಕದಲ್ಲಿ ಖಾರ ಇರುತ್ತದೆ. ಸುಟ್ಟ ಹಸಿಮೆಣಸಿನಕಾಯಿ ಅಥವಾ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಉಪ್ಪು ಸೇರಿಸಿ ನುಣ್ಣಗೆ ಅರೆದದ್ದು. ಯಾರಿಗೆ ಎಷ್ಟು ಬೇಕೋ ಅಷ್ಟು ತಟ್ಟೆಯಲ್ಲೇ ಕಲಸಿಕೊಳ್ಳುತ್ತಾರೆ. ಮಕ್ಕಳಿಗೆ ಖಾರ ಕಡಿಮೆ, ದೊಡ್ಡವರಿಗೆ ಜಾಸ್ತಿ ಅಂತ ಎರಡೆರಡು ಸಾರು ಮಾಡುವ ರಗಳೆ ಇಲ್ಲ. ಆ ಖಾರ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ಮಂಡ್ಯ ಮೈಸೂರು ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಮುದ್ದೆ ಗಂಟಾಗುತ್ತದೆ. ಎಲ್ಲಿ ತಪ್ಪುತ್ತಿದೆ?

ಬಹುಶಃ ಆತುರದಲ್ಲಿ. ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ಹಿಟ್ಟು ಹೊಸದೋ ಹಳೆಯದೋ ನೋಡಿಕೊಂಡು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಮೊದಲು ತಣ್ಣೀರಿಗೇ ಒಂದು ಚಮಚ ಹಿಟ್ಟು ಕದಡಿ ಒಲೆ ಮೇಲಿಡಿ. ಅದು ಕೊತಕೊತ ಕುದಿಯುವಾಗ ಮಿಕ್ಕ ಹಿಟ್ಟನ್ನು ಒಂದೇ ಸಲ ಮಧ್ಯದಲ್ಲಿ ಗುಡ್ಡೆ ಹಾಕಿ. ಈಗ ಕೈ ಕಟ್ಟಿ ನಿಲ್ಲಿ, ತಿರುವಬೇಡಿ! ಕೋಲಿನಿಂದ ಗುಡ್ಡೆಯ ಮಧ್ಯೆ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ, ಮುಚ್ಚಿ ಐದಾರು ನಿಮಿಷ ಬಿಡಿ. ನೀರು ಆ ತೂತಿನಿಂದ ಉಕ್ಕಿ ಹಿಟ್ಟಿನ ಮೇಲೆ ಹರಿದು ಒಳಗೆಲ್ಲ ಬೇಯುತ್ತದೆ. ಆಮೇಲೆ ಇಳಿಸಿ, ಪಾತ್ರೆಯನ್ನು ಕಾಲಿನಲ್ಲೋ ಇಕ್ಕಳದಲ್ಲೋ ಗಟ್ಟಿಯಾಗಿ ಹಿಡಿದು, ಕೋಲಿನಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವಿ. ತೋಳು ನೋಯಬೇಕು, ನೋಯದಿದ್ದರೆ ಸರಿಯಾಗಿ ತಿರುವಿಲ್ಲ ಅಂತ ಅರ್ಥ. ಮತ್ತೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಮುಚ್ಚಿಟ್ಟು, ಕೈ ಒದ್ದೆ ಮಾಡಿಕೊಂಡು ಕಟ್ಟಿ.

ಹಸಿ ಹಿಟ್ಟಿನ ವಾಸನೆ ಬಂದರೆ ಬೆಂದಿಲ್ಲ. ಬೆರಳು ಒದ್ದೆ ಮಾಡಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ.

ಪಾಕೆಟ್ ಹಿಟ್ಟಿಗಿಂತ ರಾಗಿ ತಂದು ತೊಳೆದು ಒಣಗಿಸಿ ಮಿಲ್ಲಿಗೆ ಹಾಕಿಸಿದರೆ ಅಗ್ಗ, ರುಚಿಯೂ ಜಾಸ್ತಿ. ಅಂದಹಾಗೆ, ಇಂಡಾಫ್ ಅನ್ನುವ ರಾಗಿ ತಳಿಗಳ ಹೆಸರು ಕೇಳಿರುತ್ತೀರಿ. ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಅವನ್ನು ಬೆಳೆಸಿದವರು ಮಂಡ್ಯದ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದ ಲಕ್ಷ್ಮಣಯ್ಯನವರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ನಮ್ಮ ಕಡೆ ಎಕರೆಗೆ ನಾಲ್ಕು ಮೂಟೆ ಜಾಸ್ತಿ ಬಂದದ್ದು, ಮುದ್ದೆ ದೊಡ್ಡದಾದದ್ದು ಅವರಿಂದ ಅಂತ ಅವ್ವ ಈಗಲೂ ಹೇಳುತ್ತಾಳೆ.

ನನ್ನ ಮಕ್ಕಳು ಮುದ್ದೆ ಕಂಡರೆ ಓಡುತ್ತಾರೆ. ಏನು ಮಾಡಲಿ?

ನನ್ನ ಸಣ್ಣವನೂ ಓಡುತ್ತಿದ್ದ. ಅಗಿಯಲು ಹೋಗಿ ಹಲ್ಲಿಗೆ ಅಂಟಿಸಿಕೊಳ್ಳುತ್ತಿದ್ದ, ಅದೇ ಅವನ ತಕರಾರು. ಗೋಲಿಯಷ್ಟು ಸಣ್ಣದು ಮಾಡಿ ತುಪ್ಪ ಸವರಿ, ಸಾರಿನಲ್ಲಿ ಅದ್ದಿ ನುಂಗುವ ಪಂದ್ಯ ಕಟ್ಟಿದೆ. ಅಕ್ಕ ಆರು ನುಂಗಿದರೆ ಇವನಿಗೆ ಏಳು ಬೇಕು. ಅದೂ ನಡೆಯದಿದ್ದರೆ ಒತ್ತಾಯ ಬೇಡ. ಅದೇ ಹಿಟ್ಟಿಗೆ ಈರುಳ್ಳಿ, ಸಬ್ಬಸಿಗೆ ಹಾಕಿ ರೊಟ್ಟಿ ತಟ್ಟಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಯಾವ ರೂಪದಲ್ಲಿ ಹೊಟ್ಟೆಗೆ ಹೋದರೇನು.

ತೊಗರಿಬೇಳೆ ಕೊಳ್ಳೋಕೆ ಆಗುತ್ತಿಲ್ಲ. ಬೇರೆ ದಾರಿ?

ತೊಗರಿಗೆ ನಾವು ಸುಮ್ನೆ ಜಾಸ್ತಿ ಅಂಟಿಕೊಂಡಿದ್ದೇವೆ. ಕಲಬುರಗಿ ತೊಗರಿಯ ರುಚಿ ಬೇರೆಯೇ, ಒಪ್ಪುತ್ತೇನೆ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಆದರೆ ದಿನಾ ಅದೇ ಬೇಕು ಅಂತ ಯಾರು ಹೇಳಿದರು? ನಮ್ಮ ಮನೆಯಲ್ಲಿ ವಾರಕ್ಕೆ ಎರಡು ದಿನ ಮಾತ್ರ ತೊಗರಿ. ಅದರಲ್ಲೂ ಅರ್ಧ ತೊಗರಿ, ಅರ್ಧ ಚನ್ನಂಗಿ ಬೇಳೆ. ಕೆಂಪಗಿರುತ್ತದಲ್ಲ, ಮಸೂರ ಅಂತಾರೆ, ಅದೇ. ಬೇಗ ಬೇಯುತ್ತದೆ, ಸಾರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಹೆಂಡತಿಗೆ ಮೂರು ತಿಂಗಳು ಗೊತ್ತಾಗಲಿಲ್ಲ, ಡಬ್ಬಿ ನೋಡಿದ ಮೇಲೆ ಗೊತ್ತಾಯಿತು.

ಹೆಸರುಬೇಳೆಯೂ ಹಾಗೆ, ಅದಕ್ಕೆ ಕುಕ್ಕರೂ ಬೇಕಿಲ್ಲ. ಇನ್ನು ತಿಳಿಸಾರು ಮಾಡುವ ದಿನ ಐದು ಜನಕ್ಕೆ ಅರ್ಧ ಲೋಟ ಬೇಳೆ ಸಾಕು. ಹುರುಳಿ, ಅಲಸಂದೆ, ಕಡಲೆಕಾಳು ಸರದಿಯ ಮೇಲೆ ಬರಲಿ. ಕಾಳು ಮೊಳಕೆ ಕಟ್ಟಿದರೆ ಕಾಲು ಕೆಜಿ ಉಬ್ಬಿ ಅರ್ಧ ಕೆಜಿ ದಾಟುತ್ತದೆ, ಪಾತ್ರೆ ತುಂಬಿದ್ದು ನೋಡಿದರೇ ಧೈರ್ಯ ಬರುತ್ತದೆ.

ಟೊಮ್ಯಾಟೊ ನೂರು ರೂಪಾಯಿ ದಾಟಿದಾಗ ಸಾರು ಹೇಗೆ?

2023ರ ಜುಲೈ ಆಗಸ್ಟಿನಲ್ಲಿ ದಾಟಿತ್ತಲ್ಲ, ಆವಾಗ ನಮ್ಮ ಮನೆಗೆ ಒಂದೂವರೆ ತಿಂಗಳು ಟೊಮ್ಯಾಟೊ ಬರಲೇ ಇಲ್ಲ. ಏನೂ ಆಗಲಿಲ್ಲ. ಟೊಮ್ಯಾಟೊ ನಮ್ಮ ಅಡುಗೆಗೆ ಬಂದದ್ದು ಈಚೆಗೆ, ಹುಣಸೆಹಣ್ಣು ಅದಕ್ಕೂ ಮುಂಚಿನಿಂದ ಇದೆ. ಬೇಸಿಗೆ ಶುರುವಿನಲ್ಲಿ ಹೊಸ ಹುಣಸೆ ಬಂದಾಗ ವರ್ಷಕ್ಕಾಗುವಷ್ಟು ಕೊಂಡು, ಬೀಜ ನಾರು ತೆಗೆದು, ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ಒತ್ತಿಟ್ಟರೆ ಕೆಡುವುದಿಲ್ಲ. ಮಾವಿನಕಾಯಿ ಕಾಲದಲ್ಲಿ ಮಾವಿನಕಾಯಿ, ಅಮಟೆಕಾಯಿ ಸಿಕ್ಕರೆ ಅಮಟೆಕಾಯಿ. ಹುಳಿ ಮಜ್ಜಿಗೆ ಉಳಿದಿದ್ದರೆ ಬೂದುಗುಂಬಳ ಹಾಕಿ ಮಜ್ಜಿಗೆಹುಳಿ.

ತೆಂಗಿನಕಾಯಿ ಇಲ್ಲದೆ ಅಡುಗೆ ಸಪ್ಪೆ ಅನಿಸುತ್ತದೆ…

ಅನಿಸುತ್ತದೆ, ಸುಳ್ಳು ಹೇಳಲ್ಲ. ಕಾಯಿ ಬೆಲೆ ಏರಿದಾಗ ನಾನು ಕಾಯಿ ಪೂರ್ತಿ ಬಿಡುವುದಿಲ್ಲ, ಜಾಗ ಬದಲಾಯಿಸುತ್ತೇನೆ. ರುಬ್ಬುವ ಮಸಾಲೆಯಲ್ಲಿ ಕಾಯಿ ಕಾಣುವುದಿಲ್ಲ, ಅಲ್ಲಿ ಒಂದು ಹಿಡಿ ಹುರಿಗಡಲೆ ಅಥವಾ ಬೆಂದ ಕಾಳು ಹಾಕಿದರೆ ಕೆಲಸ ಆಗುತ್ತದೆ. ಪಲ್ಯದ ಮೇಲೆ ಉದುರಿಸಿದ ಕಾಯಿ ಕಣ್ಣಿಗೂ ಕಾಣುತ್ತದೆ, ನಾಲಿಗೆಗೂ ಸಿಗುತ್ತದೆ, ಅಲ್ಲಿಗೆ ಎರಡು ಚಮಚ ಮಾತ್ರ. ಬದನೆಕಾಯಿ ಎಣ್ಣೆಗಾಯಿಗೆ ಹುಚ್ಚೆಳ್ಳು, ಕಡಲೆಕಾಯಿಬೀಜ ಹುರಿದು ಪುಡಿ ಮಾಡಿ ಹಾಕಿದರೆ ಕಾಯಿಯ ನೆನಪೇ ಬರುವುದಿಲ್ಲ. ಒಡೆದ ಕಾಯಿ ಒಂದೇ ದಿನದಲ್ಲಿ ಮುಗಿಯದಿದ್ದರೆ ತುರಿದು ಫ್ರೀಜರಿನಲ್ಲಿಡಿ. ಅರ್ಧ ಹೋಳು ಫ್ರಿಜ್ಜಿನಲ್ಲಿ ಮರೆತು ಲೋಳೆಯಾಗಿ ಎಸೆದದ್ದು ನನ್ನ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಸಲ.

ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬರುತ್ತಿದೆಯಂತೆ, ನೀರಿಗೆ ಹಾಕಿದರೆ ತೇಲುತ್ತದೆ?

ಅದು ಪ್ಲಾಸ್ಟಿಕ್ ಅಲ್ಲ. ದಯವಿಟ್ಟು ಆರಿಸಿ ಎಸೆಯಬೇಡಿ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ವಿಟಮಿನ್ ಸೇರಿಸಿ, ಮೆಷಿನ್ನಿನಲ್ಲಿ ಮತ್ತೆ ಅಕ್ಕಿಯ ಆಕಾರ ಕೊಟ್ಟು, ಮಾಮೂಲಿ ಅಕ್ಕಿಯ ಜೊತೆ ನೂರಕ್ಕೆ ಒಂದರಂತೆ ಬೆರೆಸುತ್ತಾರೆ. ಅದಕ್ಕೇ ಬಣ್ಣ ಸ್ವಲ್ಪ ಬೇರೆ, ಕೆಲವು ಕಾಳು ತೇಲುತ್ತವೆ. ನಮ್ಮ ಬೀದಿಯಲ್ಲಿ ಒಬ್ಬರು ಅದನ್ನು ಬೆಂಕಿ ಹಚ್ಚಿ ನೋಡಿದರು. ಅಕ್ಕಿ ಯಾವುದಾದರೂ ಬೆಂಕಿ ಹಚ್ಚಿದರೆ ಸುಡುತ್ತದೆ ಸ್ವಾಮಿ! ಮನೆಯಲ್ಲಿ ಥಲಸ್ಸೀಮಿಯಾದಂಥ ರಕ್ತದ ತೊಂದರೆ ಇರುವವರಿದ್ದರೆ ಮಾತ್ರ ವೈದ್ಯರನ್ನು ಒಂದು ಮಾತು ಕೇಳಿ.

2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಎಷ್ಟೋ ಮನೆಗಳಲ್ಲಿ ಅಕ್ಕಿಯ ಚಿಂತೆ ಇಳಿಯಿತು. ಆ ಅಕ್ಕಿ ಉದುರುದುರಾಗಿ ಬರುವುದಿಲ್ಲ ಅಂತ ಬೇಸರಪಡುತ್ತಾರೆ. ಅರ್ಧ ಗಂಟೆ ನೆನೆಸಿ, ದೊಡ್ಡ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸಿ ಗಂಜಿ ಬಸಿಯಿರಿ. ಬಸಿದ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿ ಕುಡಿಯಿರಿ. ಸಿಂಕಿಗಲ್ಲ! ಉಳಿದಂತೆ ಆ ಅಕ್ಕಿ ದೋಸೆ, ಇಡ್ಲಿ, ಅಕ್ಕಿರೊಟ್ಟಿಗೆ ಚೆನ್ನಾಗಿರುತ್ತದೆ.

ಅಣ್ಣಾರ, ನಾವು ಧಾರವಾಡ ಕಡೆಯವರು. ಬರೀ ಮುದ್ದೆ ಮುದ್ದೆ ಅಂತೀರಿ?

ತಪ್ಪಾಯಿತು. ಪಕ್ಕದ ಮನೆ ಅಕ್ಕಾರು ಇದೇ ಬೈದರು, ಆಮೇಲೆ ಅವರೇ ಕಲಿಸಿದರು. ನಿಮ್ಮಲ್ಲಿ ಜೋಳ ಇರುವಾಗ ಚಿಂತೆ ಏನು? ಬಿಸಿ ರೊಟ್ಟಿ ದಿನಾ ಬಡಿಯಲು ಆಗದಿದ್ದರೆ ಭಾನುವಾರ ಖಡಕ್ ರೊಟ್ಟಿ ಮಾಡಿಟ್ಟುಕೊಂಡರೆ ವಾರಗಟ್ಟಲೆ ಇರುತ್ತದೆ. ಕಡ್ಲಿಹಿಟ್ಟಿನ ಝುಣಕ ಹದಿನೈದು ನಿಮಿಷದ ಕೆಲಸ. ಶೇಂಗಾ ಹಿಂಡಿ, ಅಗಸಿ ಹಿಂಡಿ ಡಬ್ಬಿಯಲ್ಲಿದ್ದರೆ ಪಲ್ಯ ಇಲ್ಲದ ದಿನವೂ ಊಟ ಸಾಗುತ್ತದೆ. ಪುಂಡಿ ಅನ್ನುವ ಹುಳಿ ಸೊಪ್ಪಿನ ಪಲ್ಯಕ್ಕೆ ಜೋಳದ ನುಚ್ಚು ಹಾಕುತ್ತಾರಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಹುಳಿಗೆ ಟೊಮ್ಯಾಟೊ ಬೇಡ, ಮಂದಕ್ಕೆ ಕಾಯಿ ಬೇಡ.

ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬಸಿದ ನೀರಿನಲ್ಲಿ ಕಟ್ಟಿನ ಸಾರು ಮಾಡುವುದೂ ಇದೇ ಬುದ್ಧಿ ಅಲ್ವಾ? ಮಂಡ್ಯದ ಬಸ್ಸಾರಿಗೂ ನಿಮ್ಮ ಕಟ್ಟಿನ ಸಾರಿಗೂ ನಡುವೆ ನಾನೂರು ಕಿಲೋಮೀಟರ್ ಇರಬಹುದು, ಆದರೆ ಎರಡೂ ಕಡೆಯ ಅವ್ವಂದಿರು ಆ ನೀರನ್ನು ಚೆಲ್ಲಲಿಲ್ಲ.

ನಾವು ಮಾಂಸ ಮೀನು ತಿನ್ನುವವರು. ಅದರಲ್ಲಿ ಉಳಿತಾಯ ಇದೆಯಾ?

ಇದೆ. ಕೋಳಿಯನ್ನು ಬಿರಿಯಾನಿ ಮಾಡಲು ಹೋದರೆ ಐದು ಜನಕ್ಕೆ ಒಂದೂವರೆ ಕೆಜಿ ಕೇಳುತ್ತದೆ. ಮುದ್ದೆಗೆ ಸಾರು ಮಾಡಿದರೆ ಮೂಳೆ ಸಮೇತ ಮುಕ್ಕಾಲು ಕೆಜಿ ಸಾಕು, ಊಟ ಸಾಗುವುದು ಸಾರಿನ ಮೇಲೆ. ಇನ್ನೂ ಕಡಿಮೆ ಬೇಕೆಂದರೆ ಮೊಟ್ಟೆ. ಮಸಾಲೆ ಸಾರು ಕುದಿಯುವಾಗ ಉರಿ ಸಣ್ಣ ಮಾಡಿ ಒಂದೊಂದೇ ಮೊಟ್ಟೆ ಒಡೆದು ಬಿಡಿ, ಸೌಟು ಹಾಕಬೇಡಿ, ಐದಾರು ನಿಮಿಷ ಮುಚ್ಚಿಡಿ. ಒಡೆದ ಮೊಟ್ಟೆ ಸಾರನ್ನು ಹುಬ್ಬೇರಿಸಿ ನೋಡಿದವರೆಲ್ಲ ಎರಡನೇ ಸಲ ಬಡಿಸಿಕೊಂಡಿದ್ದಾರೆ.

ಕರಾವಳಿಯವರಿಗೆ ಬೂತಾಯಿ ಇದೆ. ಒಂದು ವಿಷಯ ನೆನಪಿರಲಿ, ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳು ಬೆಲೆ ಏರುತ್ತದೆ. ಒಣಮೀನು ಇರುವುದೇ ಆ ದಿನಗಳಿಗೆ. ಒಣಸಿಗಡಿ ಒಂದು ಹಿಡಿ ಬದನೆಕಾಯಿ ಸಾರಿಗೆ ಬಿದ್ದರೆ ಮನೆಯೆಲ್ಲ ಘಮ್ ಅನ್ನುತ್ತದೆ. ಅಕ್ಕಪಕ್ಕದವರಿಗೆ ಅದು ಘಮ ಅಲ್ಲದೆಯೂ ಇರಬಹುದು, ಕಿಟಕಿ ಹಾಕಿಕೊಳ್ಳಿ.

ಯಾವ ಸೊಪ್ಪು ಕೊಳ್ಳಬೇಕು?

ಅವತ್ತು ಯಾವುದು ರಾಶಿ ಬಿದ್ದಿದೆಯೋ ಅದು. ದಂಟು, ಕೀರೆ, ಸಬ್ಬಸಿಗೆ, ಚಕ್ಕೋತ, ಮೆಂತ್ಯ, ಯಾವುದಾದರೂ ಬಸ್ಸಾರಿಗೆ ಆಗುತ್ತದೆ, ಮೆಂತ್ಯ ಮಾತ್ರ ಒಂದೇ ಹಾಕಿದರೆ ಕಹಿ. ಬೆರಕೆ ಸೊಪ್ಪು ಸಿಕ್ಕರೆ ಬಿಡಬೇಡಿ, ಹೊಲದ ಬದುವಿನ ನಾಲ್ಕಾರು ಜಾತಿ ಕಲಸಿರುತ್ತದೆ, ಮಸ್ಸೊಪ್ಪಿಗೆ ಅದರ ಸಮ ಬೇರೆ ಇಲ್ಲ. ದಂಟಿನ ಸೊಪ್ಪಿನ ಕಾಂಡ ಬಿಸಾಡಬೇಡಿ, ನಾರು ತೆಗೆದು ಹುಳಿಗೆ ಹಾಕಿ. ಸಂಜೆ ಏಳರ ಮೇಲೆ ಗಾಡಿಯವರು ಮನೆಗೆ ಹೊರಡುವ ಆತುರದಲ್ಲಿರುತ್ತಾರೆ, ಆವಾಗ 20ಕ್ಕೆ ಮೂರು ಕಟ್ಟು ಸಿಗುತ್ತದೆ. ಅದಕ್ಕಿಂತ ಕೆಳಗೆ ನಾನು ಚೌಕಾಸಿ ಮಾಡುವುದಿಲ್ಲ. ನಮಗೆ ಸೊಪ್ಪು ಮಾರುವ ಅಜ್ಜಿ ಬೆಳಗಿನ ಜಾವ ಮೂರಕ್ಕೆ ಎದ್ದು ಮಾರ್ಕೆಟ್ಟಿಗೆ ಹೋಗಿ ಬಂದಿರುತ್ತಾಳೆ.

ಒಂದೆಲಗ, ದೊಡ್ಡಪತ್ರೆ ಕುಂಡದಲ್ಲಿ ಹಾಕಿಕೊಳ್ಳಿ. ಎರಡು ಹಿಡಿ ಎಲೆ, ಜೀರಿಗೆ, ಮೆಣಸು, ಸ್ವಲ್ಪ ಕಾಯಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಮಲೆನಾಡಿನವರ ಕೈಚಳಕ ಅದು, ಬೇಸಿಗೆ ರಾತ್ರಿಗೆ ಬೇರೆ ಸಾರೇ ಬೇಡ.

ಡಿಸೆಂಬರ್, ಜನವರಿಯಲ್ಲಿ ಈ ಪ್ರಶ್ನೆ ಕೇಳಬೇಡಿ. ಆವಾಗ ಅವರೆಕಾಯಿ, ಅಷ್ಟೇ. ಸೊಗಡು ಕೈಗೆ ಅಂಟಬೇಕು, ಅಂಥದ್ದನ್ನು ಆರಿಸಿ.

ಗ್ಯಾಸ್ ಬೇಗ ಖಾಲಿಯಾಗುತ್ತದೆ.

ನೆನೆಸದೆ ಕಾಳು ಬೇಯಿಸುತ್ತಿದ್ದೀರಾ? ಹಾಗಿದ್ದರೆ ಅಲ್ಲೇ ಹೋಗುತ್ತಿದೆ. ಬೇಳೆಯನ್ನೂ ಅರ್ಧ ಗಂಟೆ ನೆನೆಸಿ. ಕುಕ್ಕರಿನಲ್ಲಿ ಕೆಳಗೆ ಬೇಳೆ, ಮೇಲಿನ ಡಬ್ಬಿಯಲ್ಲಿ ಅಕ್ಕಿ, ಅದರ ಮೇಲೆ ಬೀಟ್‌ರೂಟೋ ಆಲೂಗಡ್ಡೆಯೋ ಇಟ್ಟರೆ ಒಂದೇ ಉರಿಯಲ್ಲಿ ಮೂರು ಬೇಯುತ್ತದೆ. ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ. ಆರಿಸಿದ ತಕ್ಷಣ ಆವಿ ಬಿಡಬೇಡಿ, ತಾನಾಗೇ ಇಳಿಯುವವರೆಗೂ ಒಳಗೆ ಬೇಯುತ್ತಲೇ ಇರುತ್ತದೆ. ನಮಗೆ 14.2 ಕೆಜಿ ಸಿಲಿಂಡರ್ ಹತ್ತಿರ ಹತ್ತಿರ ನಲವತ್ತೈದು ದಿನ ಬರುತ್ತದೆ, ಮಗಳ ಸ್ನಾನದ ನೀರು ಒಲೆ ಮೇಲೆ ಕಾಯಿಸುವ ವಾರಗಳನ್ನು ಬಿಟ್ಟು.

ರಾತ್ರಿ ಮಿಕ್ಕಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಮಾಡಬಹುದಾ, ಹೊಟ್ಟೆ ಕೆಡುವುದಿಲ್ಲವಾ?

ಮಾಡಬಹುದು, ಆದರೆ ಬಿಸಿ ಅನ್ನವನ್ನು ಹಾಗೇ ಮುಚ್ಚಿ ರಾತ್ರಿಯಿಡೀ ಹೊರಗಿಡಬೇಡಿ. ಅನ್ನದಲ್ಲಿ ಬೇಯಿಸಿದರೂ ಸಾಯದ ಒಂದು ಜಾತಿಯ ಬ್ಯಾಕ್ಟೀರಿಯಾ ಉಳಿದಿರುತ್ತದೆ. ಬೆಚ್ಚಗಿದ್ದರೆ ಅದು ಬೆಳೆದು ವಿಷ ಬಿಡುತ್ತದೆ, ಆ ವಿಷ ಬೆಳಿಗ್ಗೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲವಾದ ತಟ್ಟೆಗೆ ಹರಡಿ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಬೆಳಿಗ್ಗೆ ಉದುರಾಗಿರುತ್ತದೆ, ಚಿತ್ರಾನ್ನಕ್ಕೆ ಹೊಸ ಅನ್ನಕ್ಕಿಂತ ಅದೇ ಲೇಸು. ಅವ್ವ ಮಾತ್ರ ಆರಿದ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಹುಳಿ ಬಂದ ತಂಗಳನ್ನಕ್ಕೆ ಮಜ್ಜಿಗೆ, ಈರುಳ್ಳಿ ಹಾಕಿಕೊಂಡು ಉಣ್ಣುತ್ತಾಳೆ. ನಮಗೆ ಕೊಡುವುದಿಲ್ಲ.

ಸಾರಿನ ಪುಡಿ ಮನೆಯಲ್ಲೇ ಮಾಡಿದರೆ ಲಾಭವಾ?

ಲಾಭವೇ. ಆರು ತಿಂಗಳಿಗೊಮ್ಮೆ ಒಂದು ಭಾನುವಾರ ಹಾಳಾಗುತ್ತದೆ, ಅಷ್ಟೇ. ನಮ್ಮ ಅಳತೆ: ಧನಿಯ ಅರ್ಧ ಕೆಜಿ, ಒಣಮೆಣಸಿನಕಾಯಿ ಅರ್ಧ ಕೆಜಿ, ಅದರಲ್ಲಿ ಮುಕ್ಕಾಲು ಪಾಲು ಬ್ಯಾಡಗಿ, ಕಾಲು ಪಾಲು ಗುಂಟೂರು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಜೀರಿಗೆ 100 ಗ್ರಾಂ, ಮೆಣಸು 50, ಮೆಂತ್ಯ 50, ಸಾಸಿವೆ 50, ಎರಡು ಹಿಡಿ ಕರಿಬೇವು, ಅರಿಸಿನ, ಇಂಗು. ಬೇರೆ ಬೇರೆಯಾಗಿ ಹುರಿಯಿರಿ. ಮೆಂತ್ಯ ಸೀದರೆ ಇಡೀ ಡಬ್ಬಿ ಕಹಿ.

ಸುಸ್ತಾಗಿ ಬಂದಿರುತ್ತೇವೆ. ಮೊಬೈಲಿನಲ್ಲಿ ತರಿಸಿಕೊಳ್ಳೋದೇ ಸುಲಭ ಅಲ್ವಾ?

ಸುಲಭ. ನಾವೂ ತರಿಸುತ್ತೇವೆ, ತಿಂಗಳಿಗೆ ಒಂದೆರಡು ಸಲ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಒಂದು ಸಲ ತರಿಸುವ ದುಡ್ಡಿನಲ್ಲಿ ನಮ್ಮ ಮನೆಯ ನಾಲ್ಕು ರಾತ್ರಿ ಸಾಗುತ್ತದೆ. ಸುಸ್ತಿನ ದಿನಕ್ಕೆ ಅಂತಲೇ ನನ್ನ ಹತ್ತಿರ ಕೆಲವು ಅಡುಗೆ ಇವೆ. ಮೆಣಸು ಜೀರಿಗೆ ಕುಟ್ಟಿ ಹುಣಸೆ ರಸಕ್ಕೆ ಹಾಕಿ ಕುದಿಸಿದ ಸಾರು, ಹಪ್ಪಳ. ಸುಟ್ಟ ಬದನೆಕಾಯಿ ಗೊಜ್ಜು. ಅಕ್ಕಿ, ಹೆಸರುಬೇಳೆ, ಮೆಣಸು ಒಟ್ಟಿಗೆ ಕೂಗಿಸಿದ ಪೊಂಗಲ್. ತೀರಾ ಆಗದಿದ್ದರೆ ಉಪ್ಪಿಟ್ಟು. ಉಪ್ಪಿಟ್ಟಿಗೆ ಮಕ್ಕಳು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ನಾವು ಅಮೆರಿಕದಲ್ಲಿದ್ದೇವೆ. ಇಲ್ಲಿ ಬಸ್ಸಾರು ಆಗುತ್ತದಾ?

ನನ್ನ ತಂಗಿ ಅಲ್ಲಿದ್ದಾಳೆ, ಮಾಡುತ್ತಾಳೆ. ಪಾಲಕ್ ಜೊತೆ ಸಬ್ಬಸಿಗೆ ಬೆರೆಸಿದರೆ ಊರಿನ ವಾಸನೆ ಬರುತ್ತದಂತೆ. ಹೆಸರುಕಾಳು ಎಲ್ಲ ಕಡೆ ಸಿಗುತ್ತದೆ. ಅವರೆಕಾಳು ಬೇಕಾದರೆ ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಬರೆದಿರುತ್ತದೆ, ಅದೇ. ಸೊಗಡು ಇರುವುದಿಲ್ಲ, ಅದಕ್ಕೆ ಯಾರೂ ಏನೂ ಮಾಡಲಾಗದು.

ಊಟದ ಹೊತ್ತಿಗೆ ನೆಂಟರು ಬಂದುಬಿಟ್ಟರೆ?

ಸಾರಿಗೆ ನೀರು ಹಾಕಬೇಡಿ, ಗೊತ್ತಾಗುತ್ತದೆ. ಪಲ್ಯದಿಂದ ಎರಡು ಹಿಡಿ ಕಾಳು ತೆಗೆದು ಮಿಕ್ಸಿಗೆ ಹಾಕಿ, ಒಂದು ಲೋಟ ನೀರಿನ ಜೊತೆ ರುಬ್ಬಿ ಸಾರಿಗೆ ಸೇರಿಸಿ, ಉಪ್ಪು ಖಾರ ನೋಡಿ ಇನ್ನೊಮ್ಮೆ ಕುದಿಸಿ. ಇಬ್ಬರಿಗೆ ಹೆಚ್ಚಾಗುತ್ತದೆ. ಮುದ್ದೆಗೆ ಮತ್ತೆ ನೀರಿಡಿ, ಅವರು ಕೈಕಾಲು ತೊಳೆದು ಕೂತು ಊರ ಸುದ್ದಿ ಶುರು ಮಾಡುವಷ್ಟರಲ್ಲಿ ಬೆಂದಿರುತ್ತದೆ. ಹಪ್ಪಳ ಕರಿದರೆ ಮರ್ಯಾದೆಯೂ ಉಳಿಯುತ್ತದೆ.

ಬಸ್ಸಾರು ಮಿಕ್ಕಿದರೆ ಎಷ್ಟು ದಿನ ಇಡಬಹುದು?

ಫ್ರಿಜ್ಜಿನಲ್ಲಿ ಎರಡು ದಿನ, ತೆಗೆದಾಗಲೆಲ್ಲ ಚೆನ್ನಾಗಿ ಕುದಿಸಬೇಕು. ಹುರುಳಿಯದಾದರೆ ಮಾರನೇ ದಿನ ಇನ್ನೂ ರುಚಿ. ಕುದಿಸಿ ಕುದಿಸಿ ಗಟ್ಟಿಯಾದ ಸಾರನ್ನು ಬಿಸಿ ಅನ್ನಕ್ಕೆ ಹಾಕಿ, ಮೇಲೆ ಒಂದು ಚಮಚ ತುಪ್ಪ. ನಮ್ಮ ಮನೆಯಲ್ಲಿ ಎರಡನೇ ದಿನದ ತನಕ ಉಳಿದದ್ದು ಕಡಿಮೆ. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಸೌಟಿನ ಸದ್ದು ಕೇಳಿಸುತ್ತದೆ. ಬೆಳಿಗ್ಗೆ ಕೇಳಿದರೆ ಬೆಕ್ಕು ಇರಬೇಕು ಅಂತಾಳೆ ಅವ್ವ.